ನಾಲಿಗೆಯಡಿಯ ಮಾತ್ರೆ

ಈ ಸೆಕೆಗೆ ನಮ್ಮೆಲ್ಲರ ಬಿಳಿ ಕೋಟು ಬೆನ್ನಿಗಂಟಿದೆ, ತಲೆ ತಗ್ಗಿಸಿ ಕೂತ ಈ ಗಡ್ಡದವನ ಕೈಮೇಲೆ ಮಾತ್ರ ರೋಮ ನಿಂತಿದೆ, ಮೂಗು ಸೋರುತ್ತಿದೆ, ನೋಡಿ, ನೋವಿನ ಮಾತ್ರೆಗೆ ಒಗ್ಗಿದ ಮೈ, ಅದು ಸಿಗದಿದ್ರೆ ಹೀಗಾಗುತ್ತೆ ಅನ್ನುತ್ತಿದ್ದಾರೆ ಸುದರ್ಶನ ಸರ್, ನೌರೀನ್, ನೀವು ಹಿಸ್ಟರಿ ತಗೊಳ್ಳಿ, ಶುರುವಿಂದ ಎಲ್ಲಾ ಕೇಳಿ — ನಾನಾ, ಅವನು ಆಕಳಿಸುತ್ತ ತಲೆಯೆತ್ತಿದ, ಯಾ ಅಲ್ಲಾ, ಮುಂದಿನ ಹಲ್ಲು ಅರ್ಧ ಮುರಿದಿದೆ, ಭದ್ರಾವತಿಯ ಕಾಗದನಗರದಲ್ಲಿ, ನಮ್ಮ ಕ್ವಾರ್ಟರ್ಸ್ ಹಿಂದೆ ನನಗೆ ಸೈಕಲ್ ಕಲಿಸುವಾಗ ಮುರಿದದ್ದು, ಬ್ರೇಕ್ ಹಿಡಿಯೇ ಕತ್ತೆ ಅಂತ ಕೂಗಿದವನ ಮೇಲೇ ಹತ್ತಿಸಿದ್ದೆ, ಮುಬಶ್ಶಿರ್, ನನ್ನ ಅಣ್ಣ, ರಂಜಾನ್ ಕಳೆದ ಮೇಲೆ ಮನೆಗೇ ಬಾರದವನು, ಮಂಗಳೂರಲ್ಲಿ ಲಾರಿ ಓಡಿಸ್ತಾನೆ ಅಂತ ಅಮ್ಮಿ ಊರಿಗೆಲ್ಲ ಹೇಳಿಕೊಂಡು ಬಂದಿದ್ದಾಳೆ, ಇಡೀ ಶಿವಮೊಗ್ಗದಲ್ಲಿ ನಿನಗೆ ಇದೇ ಆಸ್ಪತ್ರೆ ಸಿಕ್ತಾ ಮಾರಾಯ, ಹಿಸ್ಟರಿ ಕೇಳುವ ಮೊದಲೇ ನನಗೆ ಗೊತ್ತು, ಗ್ಯಾರೇಜಿನಲ್ಲಿ ಬೆನ್ನು ಮುರಿದುಕೊಂಡಾಗ ಶುರುವಾದ ಮಾತ್ರೆ, ಬೆನ್ನು ಸರಿಹೋದರೂ ಬಿಡಲಿಲ್ಲ, ಮನೇಲಿ ಯಾರ್ಯಾರಿದ್ದಾರೆ, ಕೇಳಲೇಬೇಕು, ಕೇಳಿದೆ, ಪಕ್ಕದಲ್ಲಿ ನನ್ನ ಕ್ಲಾಸಿನ ದೀಪಶ್ರೀ ಪೆನ್ನು ಹಿಡಿದು ಕಾಯುತ್ತಿದ್ದಾಳೆ, ಅವನು ನನ್ನ ಕೋಟಿನ ಗುಂಡಿ ನೋಡಿದ, ಯಾರೂ ಇಲ್ಲ ಮೇಡಂ. ಮೇಡಂ ಅಂತೆ. ಸರ್ ನಮ್ಮ ಕಡೆ ತಿರುಗಿ ದನಿ ತಗ್ಗಿಸಿದರು, ಮನೆಯವರು ಒಬ್ರಾದ್ರೂ ಜೊತೆಗಿದ್ರೆ ಅದನ್ನ ಬಿಡಿಸೋ ಮಾತ್ರೆ ಒಂದು ವಾರದ್ದು ಕೈಗೆ ಕೊಡ್ತೀವಿ, ಇಲ್ದಿದ್ರೆ ದಿನಾ ಬರ್ಬೇಕು, ಚೀಟೀಲಿ ಭದ್ರಾವತಿ ಅಂತಿದೆ, ಅಷ್ಟು ದೂರದಿಂದ, ನಾಲ್ಕು ದಿನ ಬಂದು ಬಿಟ್ಬಿಡ್ತಾರೆ, ಆಮೇಲೆ ಒಗ್ಗು ತಪ್ಪಿದ ಮೈಗೆ ಹಳೇ ನೋವಿನ ಮಾತ್ರೇನೇ ಹಳೇ ಡೋಸಲ್ಲಿ ತಗೊಂಡು ಉಸಿರು ನಿಂತು ಸಾಯ್ತಾರೆ — ನಾನಿದ್ದೀನಿ ಸರ್ ಅನ್ನು ನೌರೀನ್, ಒಂದೇ ಮಾತು, ಅಂದರೆ ಸಂಜೆಯೊಳಗೆ ಹಾಸ್ಟೆಲ್ಲಿಗೆಲ್ಲ ಗೊತ್ತು, ನಾಳೆ ಭದ್ರಾವತಿಗೆ, ಅಮ್ಮಿ ಬೀದಿಗೆ ಮುಖ ತೋರಿಸುವುದು ಹೇಗೆ, ಚಟ ಅನ್ನಬೇಡಿ ಕಾಯಿಲೆ ಅನ್ನಿ ಅಂತ ಸೆಮಿನಾರಿನಲ್ಲಿ ಚಪ್ಪಾಳೆ ಗಿಟ್ಟಿಸಿದವಳು ನಾನೇ ಅಲ್ಲವಾ, ಥೂ, ನಾಚಿಕೆಯಾಗುತ್ತಿದೆ, ಇವನ ಮೇಲೆ ಸಿಟ್ಟೂ ಬರುತ್ತಿದೆ.

ಸಿಸ್ಟರ್ ಕಾಶಮ್ಮ ಮಾತ್ರೆ ಕೊಟ್ಟರು, ನಾಲಿಗೆ ಕೆಳಗಿಟ್ಕೋ ಮಗಾ, ನುಂಗ್ಬೇಡ, ಕರಗೋವರೆಗೂ ಮಾತಾಡ್ಬೇಡ, ಸರ್ ಟಾರ್ಚು ನನ್ನ ಕೈಗೆ ಕೊಟ್ಟರು, ಪೂರ್ತಿ ಕರಗಿತಾ ಅಂತ ನೋಡೋದು ನಿಮ್ಮ ಕೆಲಸ ನೌರೀನ್. ಅವನ ಬಾಯಿ ಮುಚ್ಚಿದೆ, ನನ್ನದೂ. ನಾಲಿಗೆ ಎತ್ತಿ, ಎತ್ತುತ್ತಾನೆ, ಮುರಿದ ಹಲ್ಲಿನ ಹಿಂದೆ ಬಿಳಿ ಮಾತ್ರೆ, ಇನ್ನೂ ಇದೆ, ಮುಚ್ಚಿ, ಕರಗಿದ ಕೂಡಲೇ ಇವನನ್ನು ಕಳಿಸಿಬಿಡುತ್ತಾರೆ, ಅಷ್ಟರೊಳಗೆ ಹೇಳು, ಭಾಯ್ ಅನ್ನು, ಬ್ರೇಕ್ ಹಿಡಿಯೇ ಕತ್ತೆ, ಎತ್ತಿ, ಚೂರು ಉಳಿದಿದೆ, ಮುಂದಿನವರನ್ನ ಕರೀರಿ ಅನ್ನುತ್ತಿದ್ದಾರೆ ಸರ್, ಎತ್ತಿ, ಮುರಿದ ಹಲ್ಲು, ಅದರ ಹಿಂದೆ ಏನೂ ಇಲ್ಲ, ಟಾರ್ಚು ಆರಿಸಲು ಕೈ ಬರುತ್ತಿಲ್ಲ, ಮುರಿದ ಹಲ್ಲು.