ಮೊದಲ ದೋಣಿ

ಏಳು ಮರಳುದಿಬ್ಬಗಳ ಆಚೆ, ಅಣೆಕಟ್ಟಿನಲ್ಲಿ ಸಿಕ್ಕಿಬಿದ್ದ ಒಂದು ನದಿಯ ಈಚೆ, ಮನೆಗೆ ಚಕ್ರ ಕಟ್ಟಿಕೊಂಡು ತಿರುಗುವ ಜನರಿದ್ದರಂತೆ. ಅವರಿಗೆ ಒಬ್ಬಳು ಮುದಿ ರಾಣಿ. ಚಳಿಗಾಲಕ್ಕೆ ಯಾವ ಮರಳು, ವಸಂತಕ್ಕೆ ಯಾವ ನೀರು ಎಂದು ಅವಳು ಬೆರಳು ತೋರಿದ ಕಡೆಗೆ ಒಂಬತ್ತು ಮನೆಗಳೂ ಉರುಳಿಕೊಂಡು ಹೋಗುತ್ತಿದ್ದವಂತೆ. ರಾಣಿ ಎಂದಮೇಲೆ ಇಬ್ಬರು ಸೊಸೆಯರಿರಬೇಕಲ್ಲ, ಇದ್ದರು. ಹಿರಿಯ ಸೊಸೆ ರಾಣಿಗೆ ಒಂದು ಮಾತು ಕೊಟ್ಟಿದ್ದಳು. ಕೊಟ್ಟು ವರ್ಷವಾಗುತ್ತ ಬಂದರೂ ನಡೆಸಿರಲಿಲ್ಲ.

ಆ ಹಿರಿಯ ಸೊಸೆ ಲೊರೆಟಾ ಈಗ ಕೆರೆಯ ಕಾಂಕ್ರೀಟ್ ಇಳಿಜಾರಿನ ಪಕ್ಕ ಕೈಕಟ್ಟಿ ನಿಂತು, ತನ್ನ ಓರಗಿತ್ತಿ ಶೆಲ್ಬಿ ದೋಣಿಯ ಟ್ರೇಲರನ್ನು ಮೂರನೆಯ ಸಲ ಸೊಟ್ಟಗೆ ಹಿಂದಕ್ಕೆ ಬಿಡುವುದನ್ನು ನೋಡುತ್ತಿದ್ದಳು. ಟ್ರಕ್ಕು ಒಂದು ಕಡೆ ತಿರುಗಿದರೆ ಟ್ರೇಲರು ಇನ್ನೊಂದು ಕಡೆ ಮುಖ ಮಾಡುತ್ತಿತ್ತು, ಜಗಳವಾಡಿದ ಗಂಡಹೆಂಡಿರ ಹಾಗೆ. ದೋಣಿಯೊಳಗೆ, ಚುಕ್ಕಾಣಿಯ ಹಿಂದೆ, ಅತ್ತೆ ವರ್ನಾ ಹುಲ್ಲಿನ ಟೋಪಿ ಹಾಕಿಕೊಂಡು ಅಲುಗದೆ ಕುಳಿತಿದ್ದಳು. ಎಪ್ಪತ್ತಾರು ವರ್ಷ. ಹೋದ ವರ್ಷ ಸೊಂಟದ ಕೀಲು ಬದಲಾಯಿಸಿದ್ದರು.

ಶನಿವಾರದ ಬೆಳಗ್ಗೆ ದೋಣಿ ಇಳಿಸುವ ಜಾಗದಲ್ಲಿ ಸಿಗುವಷ್ಟು ಪುಕ್ಕಟೆ ನಾಟಕ ಅರಿಜೋನಾದಲ್ಲಿ ಇನ್ನೆಲ್ಲೂ ಸಿಗುವುದಿಲ್ಲ. ಗೊತ್ತಿದ್ದವರು, ಗೊತ್ತಿಲ್ಲದವರು ಮಡಚುವ ಕುರ್ಚಿ ಹಾಕಿಕೊಂಡು ಸಾಲಾಗಿ ಕುಳಿತಿದ್ದರು. ಟ್ರೇಲರು ಮತ್ತೆ ಅಡ್ಡಡ್ಡ ನಿಂತಾಗ ಯಾರೋ ಬಿಯರ್ ಡಬ್ಬ ಕೆಳಗಿಟ್ಟು, "ಆ ಟ್ರಕ್ಕಿಗೆ ಒಂದ್ ಕನ್ನಡಕ ಹಾಕ್ಸ್ರಪ್ಪ" ಎಂದರು. ಸಾಲು ನಕ್ಕಿತು. ಲೊರೆಟಾ ನಗಲಿಲ್ಲ. ಆದರೆ ಎದೆಯೊಳಗೆ ಏನೋ ಒಂದು ಬೆಕ್ಕಿನ ಹಾಗೆ ಮೈಮುರಿದು, ಬಿಸಿಲಿಗೆ ಬಂದು ಮಲಗಿತು.

ಹದಿನೇಳು ವರ್ಷ ಅವಳು ವರ್ನಾಳ ನಕ್ಷೆಗಳನ್ನು ಹೊತ್ತಿದ್ದಳು. ಗುಂಪು ಬರುವ ಒಂದು ದಿನ ಮೊದಲೇ ಇಬ್ಬರೂ ಹೋಗಿ ಜಾಗ ನೋಡುತ್ತಿದ್ದರು. ಮರಳಿನ ಏಣು ಯಾವ ಕಡೆ ಚೂಪಾಗಿದೆ ಎಂದು ನೋಡಿ ವಾರದ ಗಾಳಿಯನ್ನು ಹೇಳುವುದು, ಮೀನಿನ ಗಾಳಕ್ಕೆ ಹುಳು ಮಾರುವ ಅಂಗಡಿಯವನನ್ನು ಮಾತಿಗೆಳೆದು ನೀರು ಎಷ್ಟು ಇಳಿದಿದೆ ಎಂದು ತಿಳಿಯುವುದು, ಎಂಥ ನೆಲದಲ್ಲಿ ಟೈರಿನ ಗಾಳಿ ಎಷ್ಟು ಇಳಿಸಬೇಕೆಂದು ಹಿಮ್ಮಡಿಯಿಂದ ಒತ್ತಿ ಹೇಳುವುದು, ಎಲ್ಲ ಅವಳಿಗೆ ಬಂದಿತ್ತು. ಯಾರೂ ಬಾಯಿಬಿಟ್ಟು ಹೇಳದಿದ್ದರೂ ವರ್ನಾಳ ನಂತರ ಜಾಗ ಆರಿಸುವವಳು ಲೊರೆಟಾ ಎಂದು ಅವಳು ತಿಳಿದಿದ್ದಳು. ಹೋದ ಏಪ್ರಿಲ್‌ನಲ್ಲಿ, ಶಿಬಿರದ ಕೊನೆಯ ಊಟದ ಹೊತ್ತಿಗೆ, ವರ್ನಾ ತಟ್ಟೆಯನ್ನು ಮಂಡಿಯ ಮೇಲಿಟ್ಟುಕೊಂಡು, ಇನ್ನು ಮೇಲೆ ಜಾಗಗಳನ್ನು ಶೆಲ್ಬಿ ಆರಿಸಲಿ ಎಂದುಬಿಟ್ಟಳು. ಶೆಲ್ಬಿ ಕಿರಿಯ ಮಗ ಟ್ರೆವರನನ್ನು ಮದುವೆಯಾಗಿ ಆಗ ಎರಡು ವರ್ಷವೂ ಆಗಿರಲಿಲ್ಲ. ಹಿಮ ಸುರಿಯುವ ಮಿನೆಸೋಟದ ಹುಡುಗಿ, ಮರಳನ್ನು ಹಿಮದಂತೆ ಬಾಚಿ ಎತ್ತಲು ನೋಡಿದವಳು.

ಆ ಗುಂಪಿನಲ್ಲಿ ಒಂದು ಕಟ್ಟಳೆಯಿತ್ತು. ಜಾಗ ಆರಿಸಿದವಳೇ ಮೊದಲ ದೋಣಿ ಇಳಿಸಬೇಕು. ನೀರು ತಗ್ಗಿ ಇಳಿಜಾರು ನಡುವೆಯೇ ಮುಗಿದುಹೋಗಿದ್ದರೆ ಮುರಿಯುವುದು ಅವಳ ಟ್ರೇಲರಿನ ಅಚ್ಚು, ಉಳಿದವರದಲ್ಲ. ಅದಕ್ಕೇ ವರ್ನಾ ಅಂದು ಲೊರೆಟಾಳ ಕೈ ಹಿಡಿದು, "ಇವಳಿಗೆ ಟ್ರೇಲರ್ ಹಿಂದಕ್ಕೆ ಬಿಡೋದು ಕಲಿಸ್ತೀಯಲ್ಲ? ನಿನ್ನಷ್ಟು ನೆಟ್ಟಗೆ ಇನ್ಯಾರೂ ಬಿಡಲ್ಲ" ಎಂದಿದ್ದಳು. ಎಲ್ಲರೂ ನೋಡುತ್ತಿದ್ದರು. ಲೊರೆಟಾ ಆಗಲಿ ಎಂದಿದ್ದಳು.

ಆಮೇಲೆ ಜೂನ್‌ನಲ್ಲಿ ಅವಳಿಗೆ ಬೆನ್ನುನೋವು ಬಂತು. ಆಗಸ್ಟ್‌ನಲ್ಲಿ ಬಿಸಿಲು ಜಾಸ್ತಿ ಎಂದಳು. ಅಕ್ಟೋಬರ್‌ನಲ್ಲಿ ಶೆಲ್ಬಿ ತಾನೇ ಮನೆ ಬಾಗಿಲಿಗೆ ಬಂದಾಗ, ಟ್ರಕ್ಕಿನ ಬ್ರೇಕು ಸರಿಯಿಲ್ಲ ಎಂದು ಕಳಿಸಿದಳು. ಬ್ರೇಕು ಚೆನ್ನಾಗಿಯೇ ಇತ್ತು. ನವೆಂಬರ್‌ನಲ್ಲಿ ಶೆಲ್ಬಿ ಆರಿಸಿದ ಮರಳುಗಾಡಿಗೆ ಹೋದರು. ಗಾಳಿಯೆದ್ದು ಕೂಡಾರ ಹಾರಿಹೋಗಲಿ ಎಂದು ಲೊರೆಟಾ ಒಳಗೊಳಗೇ ಕಾದಳು. ಗಾಳಿಯೇಳಲಿಲ್ಲ. ದಿಬ್ಬಗಳು ಹೊಸದಾಗಿ ಮಡಿಸಿಟ್ಟ ರೇಷ್ಮೆಯ ಹಾಗಿದ್ದವು, ಮರಳಿನ ಮೇಲೆ ಓಡಿಸುವ ಗಾಡಿಗಳ ಉದ್ದನೆಯ ಬಾವುಟಗಳು ದಿನವಿಡೀ ಅವುಗಳ ಹಿಂದೆ ಮುಳುಗಿ ಏಳುತ್ತಿದ್ದವು. ವರ್ನಾ ಸಂಜೆ ಕುರ್ಚಿಯಲ್ಲಿ ಒರಗಿ, ಇಷ್ಟು ವರ್ಷ ಇದು ನನ್ನ ಕಣ್ಣಿಗೇ ಬಿದ್ದಿರಲಿಲ್ಲವಲ್ಲ ಎಂದಳು. ಆ ಮಾತನ್ನು ಲೊರೆಟಾ ಮನೆಗೆ ಒಯ್ದು ಚಳಿಗಾಲವೆಲ್ಲ ಅದನ್ನೇ ಮೆಲುಕು ಹಾಕಿದಳು.

ನಾಲ್ಕನೆಯ ಸಲ ಶೆಲ್ಬಿ ಟ್ರಕ್ಕನ್ನು ಮೇಲಕ್ಕೆ ತಂದು ನೆಟ್ಟಗೆ ನಿಲ್ಲಿಸಿದಾಗ ದೋಣಿಯ ಹಿಂಭಾಗ ಲೊರೆಟಾಳ ಮುಂದೆಯೇ ಬಂದು ನಿಂತಿತು. ಅಭ್ಯಾಸ ಬಿಡಲಿಲ್ಲ, ಅವಳು ಬಗ್ಗಿದಳು. ದೋಣಿಯ ತಳದಲ್ಲಿ, ಒಳಗೆ ಸೇರಿದ ನೀರು ಬಸಿಯಲೆಂದು ಹೆಬ್ಬೆರಳು ಗಾತ್ರದ ಒಂದು ತೂತು ಇರುತ್ತದೆ. ಅದಕ್ಕೊಂದು ಹಿತ್ತಾಳೆಯ ಬಿರಡೆ. ಇಳಿಸುವ ಮುನ್ನ ಕೊನೆಯ ಕೈ ಅಲ್ಲಿಗೆ ಹೋಗಬೇಕು. ಹದಿನೇಳು ವರ್ಷ ಆ ಕೈ ಲೊರೆಟಾಳದೇ ಆಗಿತ್ತು.

ತೂತು ಬರಿದಾಗಿತ್ತು. ಒಳಗಿನ ಕತ್ತಲು ಅವಳನ್ನೇ ನೋಡುತ್ತಿತ್ತು.

ನಿನ್ನೆ ಸಂಜೆ ಶೆಲ್ಬಿ ದೋಣಿ ತೊಳೆದದ್ದು ಅವಳಿಗೆ ನೆನಪಾಯಿತು. ಬಿರಡೆ ತೆಗೆದು ಎಲ್ಲೋ ಇಟ್ಟು ಮರೆತಿದ್ದಾಳೆ. ಒಂದು ಮಾತು, ಒಂದು ಕೈಸನ್ನೆ ಸಾಕಿತ್ತು. ಲೊರೆಟಾ ನೆಟ್ಟಗಾದಳು. ಅಂಗೈಯನ್ನು ಜೀನ್ಸಿಗೆ ಒರೆಸಿಕೊಂಡು ಎರಡು ಹೆಜ್ಜೆ ಪಕ್ಕಕ್ಕೆ ಸರಿದಳು. ಅತ್ತೆ ದೋಣಿಯಲ್ಲಿದ್ದಾಳೆ ಎಂಬುದು ಅವಳಿಗೆ ಗೊತ್ತಿರಲಿಲ್ಲವೆಂದಲ್ಲ.

ಈ ಸಲ, ಹೇಗೋ ಏನೋ, ಟ್ರೇಲರು ಬಾಣದಂತೆ ಇಳಿಯಿತು. ಕುರ್ಚಿಗಳ ಸಾಲು ಚಪ್ಪಾಳೆ ತಟ್ಟಿತು. ದೋಣಿ ತೇಲಿತು, ವರ್ನಾ ಇಂಜಿನ್ ಹಚ್ಚಿ ಹಿಂದಕ್ಕೆ ಸರಿದು, ಟೋಪಿಯೆತ್ತಿ ಬೀಸಿದಳು. ಶೆಲ್ಬಿ ಟ್ರೇಲರನ್ನು ಮೇಲಕ್ಕೆಳೆದು ಕೆಳಗಿಳಿದಾಗ ಅವಳ ಮುಖ ಕೆಂಪಾಗಿ, ಎಳೆಯ ಹುಡುಗಿಯ ಹಾಗೆ ಹೊಳೆಯುತ್ತಿತ್ತು. ಅಷ್ಟರಲ್ಲಿ ದೋಣಿಯ ಹಿಂಭಾಗ ತಗ್ಗತೊಡಗಿತ್ತು. ಇಂಜಿನ್ ಕೆಮ್ಮಿ ನಿಂತಿತು. ವರ್ನಾ ಕಾಲೆತ್ತಿ ನೋಡಿಕೊಂಡದ್ದು ದಡಕ್ಕೆ ಕಂಡಿತು.

ಲೊರೆಟಾಳ ಗಂಡ ಲೈಲ್ ಬಟ್ಟೆಯಲ್ಲೇ ನೀರಿಗೆ ಹಾರಿದ. ಟ್ರೆವರನೂ ಹಾರಿದ. ಇಬ್ಬರೂ ಸೇರಿ ತಾಯಿಯನ್ನು ತೋಳಿನ ಮೇಲೆ ಹೊತ್ತು ತಂದರು, ಮಂಡಿಯವರೆಗೆ ಒದ್ದೆ, ತುಟಿ ನೀಲಿ. ಏಪ್ರಿಲ್‌ನ ನೀರಿಗೆ ಬೆಟ್ಟದ ಹಿಮದ ನೆನಪು ಇನ್ನೂ ಹೋಗಿರುವುದಿಲ್ಲ. ದೋಣಿಯನ್ನು ದಡಕ್ಕೆಳೆದಾಗ ಬಿರಡೆ ಚುಕ್ಕಾಣಿಯ ಪಕ್ಕ, ಲೋಟ ಇಡುವ ಗುಳಿಯಲ್ಲಿ ಸಿಕ್ಕಿತು. ಶೆಲ್ಬಿ ಯಾರಾದರೂ ಕೇಳುವ ಮೊದಲೇ ತಪ್ಪು ನನ್ನದು ಎಂದಳು. ಅದನ್ನೇ ಮೂರು ಸಲ ಹೇಳಿದಳು.

ಚಕ್ರದ ಮನೆಯೊಳಗೆ ಲೊರೆಟಾ ಅತ್ತೆಯ ಕಾಲುಗಳನ್ನು ಬಿಸಿನೀರಿನಲ್ಲಿಟ್ಟು ಉಜ್ಜಿದಳು. ಒಂದು ವರ್ಷದಿಂದ ಗಂಟಲಲ್ಲಿದ್ದದ್ದು ಆಗ ಲೊರೆಟಾಳ ಬಾಯಿಗೆ ಬಂತು.

"ನನಗ್ಯಾಕೆ ಕೊಡ್ಲಿಲ್ಲ, ಅತ್ತೆ?"

ವರ್ನಾ ಅವಳ ನೆತ್ತಿಯನ್ನೇ ನೋಡಿದಳು. "ನೀನಾಗಿದ್ರೆ ನಾನು ಆರಿಸೋದನ್ನೇ ನೀನೂ ಆರಿಸ್ತಿದ್ದೆ ಕಣೇ. ಒಂಚೂರೂ ತಪ್ಪದೆ. ಮೂವತ್ತು ವರ್ಷ ನನ್ನ ಜಾಗಗಳನ್ನೇ ನೋಡಿ ನೋಡಿ ನನಗೇ ಸಾಕಾಗಿದೆ. ಇನ್ನೆಷ್ಟು ಏಪ್ರಿಲ್ ಬಾಕಿ ಇದೆ ನನಗೆ?" ಎಂದಳು. ಆಮೇಲೆ, ಎಡಗಾಲು ಇನ್ನೂ ತಣ್ಣಗಿದೆ, ಅದನ್ನು ಉಜ್ಜು ಎಂದಳು.

ಸಂಜೆ ಊಟಕ್ಕೆ ಬೀನ್ಸ್ ಕಾಳಿನ ಸಾರು, ಮೆಕ್ಕೆಜೋಳದ ಬ್ರೆಡ್ಡು, ಎರಕದ ಪಾತ್ರೆಯಲ್ಲಿ ಬೇಯಿಸಿದ ಪೀಚ್ ಹಣ್ಣು. ಗುಂಪಿನಲ್ಲಿ ಎಲ್ಲರಿಗಿಂತ ಹಳಬ ಓರಿನ್ ಗಡ್ಡ ಒರೆಸಿಕೊಂಡು, ಹೊಸಬರ ಕೈಗೆ ಇಷ್ಟು ಬೇಗ ಕೊಡಬಾರದಿತ್ತು, ಮುಂದಿನ ವರ್ಷದಿಂದ ಲೊರೆಟಾ ಆರಿಸಲಿ ಎಂದ. ಒಬ್ಬೊಬ್ಬರೇ ತಲೆಯಾಡಿಸಿದರು. ವರ್ನಾ ಹೌದೆನ್ನಲಿಲ್ಲ, ಬೇಡವೆನ್ನಲಿಲ್ಲ. ಶೆಲ್ಬಿಯ ಕುರ್ಚಿ ಖಾಲಿಯಿತ್ತು.

ಹದಿನೇಳು ವರ್ಷ ಬಯಸಿದ್ದು ಬಿಸಿ ಸಾರಿನ ಜೊತೆಗೆ ಕೈಗೆ ಬಂದಿತ್ತು. ಲೊರೆಟಾ ನಾಳೆ ಹೇಳುತ್ತೇನೆ ಎಂದಳು. ಪೀಚ್ ಹಣ್ಣನ್ನು ಯಾರೋ ಅವಳ ತಟ್ಟೆಗೆ ದೊಡ್ಡದೇ ಹಾಕಿದರು. ಅವಳು ಚಮಚದಲ್ಲಿ ಅದನ್ನು ಒಡೆಯುತ್ತ ಒಡೆಯುತ್ತ ಇಡೀ ತಟ್ಟೆಗೆ ಹರಡಿದಳು.

ಮರುದಿನ ಬಿಸಿಲೇರುವ ಮುನ್ನ ಅವಳು ಶೆಲ್ಬಿಯ ಬಾಗಿಲು ತಟ್ಟಿದಳು. ಶೆಲ್ಬಿ ಕಣ್ಣು ಊದಿಸಿಕೊಂಡು, ಟ್ರೆವರನ ಅಂಗಿಯಲ್ಲೇ ಬಾಗಿಲಿಗೆ ಬಂದಳು.

"ಟ್ರಕ್ಕಿನ ಬೀಗದ ಕೈ ತಗೊಂಡ್ ಬಾ," ಎಂದಳು ಲೊರೆಟಾ.

ಇಳಿಜಾರಿನಲ್ಲಿ ಒಂದು ಕುರ್ಚಿಯೂ ಇರಲಿಲ್ಲ. ದೋಣಿ ಇಂಜಿನ್ ಬಿಚ್ಚಿಕೊಂಡು ಶಿಬಿರದಲ್ಲಿ ಒಣಗುತ್ತಿತ್ತು, ಹಿಂದೆ ಬಂದದ್ದು ಖಾಲಿ ಟ್ರೇಲರು ಮಾತ್ರ. ಶೆಲ್ಬಿ ಚಾಲಕಿಯ ಜಾಗದಲ್ಲಿ ಕುಳಿತಳು, ಲೊರೆಟಾ ಪಕ್ಕದಲ್ಲಿ. ಇಬ್ಬರೂ ಗಾಜಿನಾಚೆ ನೋಡಿದರು. ಕೆರೆ ಇನ್ನೂ ಎಚ್ಚೆತ್ತಿರಲಿಲ್ಲ.

"ಬಿರಡೆ ಇಲ್ಲದ್ದು ನಾನು ನೋಡಿದ್ದೆ," ಎಂದಳು ಲೊರೆಟಾ. "ನೋಡಿನೂ ಸುಮ್ಮನಿದ್ದೆ."

ಶೆಲ್ಬಿ ಬೀಗದ ಕೈಯನ್ನು ತಿರುಗಿಸಲಿಲ್ಲ. "ನೀನು ಬಗ್ಗಿದ್ದು ಕನ್ನಡಿಯಲ್ಲಿ ಕಾಣ್ತು. ಬಿರಡೆ ಹಾಕಿದೀನೋ ಇಲ್ವೋ ಅಂತ ಆಗ್ಲೇ ನನಗೆ ಅನುಮಾನ ಬಂದಿತ್ತು, ಇಳಿದು ನೋಡ್ಬೇಕು ಅಂತಿದ್ದೆ. ನೀನು ಬಗ್ಗಿದ್ಯಲ್ಲ, ಲೊರೆಟಾ ನೋಡಿದ್ಲು, ಇನ್ನೇನು ಭಯ ಅಂತ ಗೇರ್ ಹಾಕ್ದೆ."

ಲೊರೆಟಾಳಿಗೆ ಬೈಗುಳ ಕೇಳುವ ಸಿದ್ಧತೆಯಿತ್ತು. ಬೈದಿದ್ದರೆ ತಿರುಗಿ ಬೈಯುವ ಮಾತುಗಳನ್ನೂ ದಾರಿಯಲ್ಲೇ ಜೋಡಿಸಿಕೊಂಡಿದ್ದಳು. ಅವೆಲ್ಲ ಒಂದೊಂದೇ ಉದುರಿಹೋದವು. ಅವಳು ಕಿಟಕಿಯ ಗಾಜು ಇಳಿಸಿದಳು, ಮತ್ತೆ ಏರಿಸಿದಳು.

"ಅತ್ತೆಗೆ ಹೇಳ್ತೀಯಾ?" ಶೆಲ್ಬಿ ಕೇಳಿದಳು.

"ಹೇಳ್ತೀನಿ. ಎಲ್ಲರ ಮುಂದೇನೇ ಹೇಳ್ತೀನಿ." ಆಮೇಲೆ, ಬೇರೆ ಯಾರೋ ಕೇಳಿದ ಹಾಗೆ, "ಮುಂದಿನ ವಸಂತಕ್ಕೆ ಎಲ್ಲಿ ಅಂತಿದ್ದೆ?" ಎಂದಳು.

ಶೆಲ್ಬಿ ಮೊದಲು ಹೇಳಲೊಲ್ಲಳು. ಆಮೇಲೆ ಮೆಲ್ಲಗೆ, ಉತ್ತರಕ್ಕೆ, ನೆವಾಡಾದ ಗಡಿಯಾಚೆ ಕೆಂಪು ಬಂಡೆಗಳ ನಡುವೆ ಒಂದು ಸಣ್ಣ ಕೊಲ್ಲಿಯಿದೆ ಎಂದಳು. ದಡದಿಂದಲೇ ಬಂಡೆ ಹತ್ತುವ ಗಾಡಿಗಳ ದಾರಿ ಮೇಲಕ್ಕೆ ಹೋಗುತ್ತದಂತೆ, ನೀರು ಬಿಟ್ಟು ಹತ್ತು ಹೆಜ್ಜೆಗೆ ಮರಳುಗಾಡು. ವರ್ನಾ ಎಂದೂ ಹೋಗದ ಜಾಗ. ಲೊರೆಟಾಳೂ ಹೋಗದ ಜಾಗ. ಕೇಳುತ್ತಿದ್ದಂತೆ ಒಳ್ಳೆಯ ಜಾಗ ಎಂದು ಅವಳಿಗೆ ಗೊತ್ತಾಯಿತು, ಗೊತ್ತಾದ ಗಳಿಗೆಯಲ್ಲೇ ಹಳೆಯ ಕಿಚ್ಚು ಪಕ್ಕೆಲುಬಿನ ಕೆಳಗೆ ಮತ್ತೆ ಭಗ್ಗೆಂದಿತು. ಅದು ಎಲ್ಲಿಗೂ ಹೋಗಿರಲಿಲ್ಲ.

"ಆ ಕಡೆಯೆಲ್ಲ ಮಾರ್ಚ್‌ನಲ್ಲಿ ಗಾಳಿ ಜಾಸ್ತಿ," ಎಂದಳು. "ಏಪ್ರಿಲ್ ಕೊನೆಗೆ ಇಟ್ಕೋ. ಈಗ ಗಾಡಿ ಹಚ್ಚು."

ಕೈಯನ್ನು ಸ್ಟಿಯರಿಂಗ್ ಚಕ್ರದ ಮೇಲ್ಭಾಗದಲ್ಲಲ್ಲ, ಕೆಳಭಾಗದಲ್ಲಿ ಹಿಡಿಯಲು ಹೇಳಿದಳು. ಟ್ರೇಲರಿನ ಬಾಲ ಎಡಕ್ಕೆ ಹೋಗಬೇಕೆಂದರೆ ಕೈ ಎಡಕ್ಕೆ, ಬಲಕ್ಕೆಂದರೆ ಬಲಕ್ಕೆ, ಇಷ್ಟೇ ವಿದ್ಯೆ. ಒಂದು ವರ್ಷ ಮುಚ್ಚಿಟ್ಟದ್ದನ್ನು ಹೇಳಿ ಮುಗಿಸಲು ಒಂದು ನಿಮಿಷವೂ ಹಿಡಿಯಲಿಲ್ಲ. ಮೊದಲ ಸಲ ಟ್ರೇಲರು ಪೊದೆಗೆ ನುಗ್ಗಿತು. ಎರಡನೆಯ ಸಲ ಅಡ್ಡ ನಿಂತಿತು. ಖಾಲಿ ಟ್ರೇಲರು ದೋಣಿ ಹೊತ್ತದ್ದಕ್ಕಿಂತ ಹಟಮಾರಿ ಎಂದು ಲೊರೆಟಾ ಹೇಳಿದಳು. ಆರನೆಯ ಸಲವೋ ಏಳನೆಯ ಸಲವೋ ಶೆಲ್ಬಿಯ ಕೈ ಮತ್ತೆ ಗಾಬರಿಯಲ್ಲಿ ಮೇಲಕ್ಕೆ ಜಾರಿದಾಗ, ಲೊರೆಟಾ ಅದನ್ನು ಹಿಡಿದು ಕೆಳಕ್ಕೆ ತಂದು, ಅದರ ಮೇಲೆ ತನ್ನ ಕೈಯಿಟ್ಟಳು.

"ಅವಸರ ಮಾಡ್ಬೇಡ. ನೀರು ಎಲ್ಲಿಗೂ ಓಡಿಹೋಗಲ್ಲ."

ಸ್ವಲ್ಪ ಹೊತ್ತಿಗೆ ಅವಳು ಕೈ ತೆಗೆದಳು. ಅದು ಶೆಲ್ಬಿಗೆ ತಿಳಿಯಲಿಲ್ಲ. ಟ್ರೇಲರು ಇಳಿಜಾರಿನ ನಡುವಿನ ಗೀಟನ್ನು ಹಿಡಿದು ಇಳಿಯಿತು, ಚಕ್ರಗಳು ಒಂದೇ ಸಲಕ್ಕೆ, ಸದ್ದಿಲ್ಲದೆ ನೀರಿಗಿಳಿದವು. ಒಂದು ಸಣ್ಣ ಅಲೆ ಎದ್ದು ಎರಡೂ ಬದಿಗೆ ಸಮನಾಗಿ ಹರಡಿಕೊಂಡು ಹೋಯಿತು.