ತಾನಾಗಿ ಏಳುವ ಪ್ರೋಗ್ರಾಂ

"ಕಡಲು ಉಕ್ಕಿ ಮಣಿಪಾಲದ ಗುಡ್ಡವೇ ಮುಳುಗಲಿ ಜೋಕಿಮ್ ಸರ್, ನನ್ನ ಪ್ರೋಗ್ರಾಂ ನೀರಿನಡಿ ಕೂತು ಮೀನುಗಳಿಗೂ ಮೆಸೇಜ್ ಕಳಿಸ್ತದೆ," ಎಂದ ಪ್ರಖ್ಯಾತ್. "ಸತ್ತರೂ ತಾನಾಗಿ ಎದ್ದು ಕೂರ್ತದೆ. ಏಳು ಸಲ ಕೊಂದು ನೋಡಿದ್ದೇನೆ."

"ಎಂಟನೇ ಸಲ ಅದು ನಿನ್ನನ್ನು ಕೊಲ್ಲದಿದ್ದರೆ ಸಾಕು ಮಾರಾಯ," ಎಂದರು ಆ ಪುಟ್ಟ ಕಂಪನಿಯ ಯಜಮಾನ ಜೋಕಿಮ್. ಚಹಾ ತಂದಿಟ್ಟ ಸೋಮವ್ವ, ಆಫೀಸಿನ ನೆಲ ಒರೆಸುವವಳು, ಬಿಟ್ಟ ಬಾಯಿ ಬಿಟ್ಟಂತೆ ಕೇಳಿದಳು.

ಪ್ರೋಗ್ರಾಮಿನ ಕೆಲಸ ಸಣ್ಣದು. ಸರ್ವರಿನೊಳಗೆ ಯಾರ ಕಣ್ಣಿಗೂ ಬೀಳದೆ ಓಡುತ್ತ, ಗಾಳಿಯ ಮುನ್ಸೂಚನೆ ನೋಡಿ, ಅಪಾಯವಿದ್ದರೆ ಬೆಳಿಗ್ಗೆ ಎಂಟಕ್ಕೆ ಕಾಪು, ಉಚ್ಚಿಲದ ನಾಡದೋಣಿಯವರಿಗೆ 'ಇವತ್ತು ಹೋಗಬೇಡಿ' ಎಂದು ಮೆಸೇಜ್ ಕಳಿಸುವುದು. ಮೆಸೇಜ್ ಬಾರದಿದ್ದರೆ ದೋಣಿ ಇಳಿಸಬಹುದು. ಪ್ರಖ್ಯಾತನ ಸೋದರಮಾವ, ಉಚ್ಚಿಲದ ಭೋಜನಂತೂ ಅಳಿಯನ ಮೇಲಿನ ಅಭಿಮಾನಕ್ಕೆ ಆಕಾಶ ನೋಡುವುದನ್ನೇ ಬಿಟ್ಟು ಮೊಬೈಲು ನೋಡುತ್ತಿದ್ದ.

ಮರುದಿನ ಹತ್ತು ಗಂಟೆಗೆ ಪ್ರಖ್ಯಾತ್ ಗುಡ್ಡ ಹತ್ತುವಾಗ ಗಾಳಿ ಬೈಕನ್ನೇ ತಳ್ಳಿತು. ಪಡುವಣದಲ್ಲಿ ಇಡೀ ಅರಬ್ಬಿ ಸಮುದ್ರವನ್ನು ಮೇಲಕ್ಕೆತ್ತಿ ನಿಲ್ಲಿಸಿದಂತೆ ಮೋಡ. ಎಂಟಕ್ಕೇ ಮೆಸೇಜ್ ಹೋಗಿರುತ್ತದೆ ಎಂದು ಶಿಳ್ಳೆ ಹಾಕುತ್ತ ಆಫೀಸಿನೊಳಗೆ ಬಂದ.

ಅವನ ಕಂಪ್ಯೂಟರಿನ ಪರದೆ ಕಪ್ಪಗಿತ್ತು. ಗೋಡೆಯಿಂದ ಕಿತ್ತ ಪ್ಲಗ್ಗು ಮೇಜಿನ ಕಾಲಿಗೆ ಜೋತುಬಿದ್ದಿತ್ತು.

"ಮುಂಜಾನಿ ಏಳಕ್ಕ ನಾನ ತಗದೇನ್ರೀ ಸರ," ಎಂದಳು ಸೋಮವ್ವ. "ಕೆಳಗ ನೀರ ಹಾಕಿ ಒರಸಬೇಕಿತ್ತು. ಸತ್ತರೂ ತಾನ ಏಳ್ತೈತಿ ಅಂತ ನೀವ ನಿನ್ನೆ ಹೇಳಿದ್ರಲ್ಲ?"

ಪ್ರಖ್ಯಾತ್ ಮೇಜಿನಡಿಗೆ ಬಗ್ಗಿದ. ಮೂರು ತಿಂಗಳಿಂದ ಆ ಪ್ರೋಗ್ರಾಮಿನ ಉಸಿರಿದ್ದದ್ದು ಈ ಕಂಪ್ಯೂಟರಿನ ಪರದೆಯ ಮೇಲೆ ತೆರೆದ ಒಂದು ಕಿಟಕಿಯಲ್ಲಿ. ಅವನೇ ಕೈಯಾರೆ ಶುರುಮಾಡಿ, ಮುಚ್ಚದೆ ಇಟ್ಟದ್ದು. ಕಂಪ್ಯೂಟರ್ ಆರಿ ಕಿಟಕಿ ಮುಚ್ಚಿದರೆ ಸರ್ವರಿನಲ್ಲಿ ಅದೂ ಮುಗಿಯಿತು. ತಾನಾಗಿ ಏಳುವ ವ್ಯವಸ್ಥೆ ಮಾಡುವುದು ಒಂದು ದಿನದ ಕೆಲಸ. ಆ ದಿನ ಇನ್ನೂ ಬಂದಿರಲಿಲ್ಲ.

ಪ್ಲಗ್ಗು ಹಾಕಿ, ಮೂರು ಸಲ ತಪ್ಪು ಒತ್ತಿ, ಅದನ್ನು ಮತ್ತೆ ಓಡಿಸಿದ. ಕೂಡಲೇ ಉಚ್ಚಿಲಕ್ಕೆ ಫೋನ್ ಮಾಡಿ ಸ್ಪೀಕರಿಗೆ ಹಾಕಿದ.

"ಮಾಮಿ, ಮಾವ ಎಲ್ಲಿ?"

"ಕಡಲಿಗೆ ಹೋದರಲ್ವಾ," ಎಂದಳು ಗುಣವತಿ ಮಾಮಿ. ಅವಳ ಹಿಂದೆ ಗಾಳಿ ಬೊಬ್ಬಿಡುತ್ತಿತ್ತು. "ಮೋಡ ಉಂಟು, ಬೇಡ ಅಂದೆ. ಅಳಿಯ ಬೇಡ ಅನ್ಲಿಲ್ಲ, ನೀನು ಯಾರು ಅಂದರು. ಮೊಬೈಲ್ ನನ್ನ ಕೈಯಲ್ಲೇ ಕೊಟ್ಟು ಹೋದರು. ಆರು ದೋಣಿ ಹೋದದ್ದು. ಐದು ಬಂತು."

ಅಷ್ಟರಲ್ಲಿ ಅವಳ ಕೈಯಲ್ಲಿ ಮೊಬೈಲು ಟಿಣ್ ಎಂದಿತು. ಬಾಕಿ ಉಳಿದದ್ದನ್ನು ಎದ್ದ ಕೂಡಲೇ ಕಳಿಸುವುದು ಪ್ರೋಗ್ರಾಮಿನ ಅಭ್ಯಾಸ.

"ಇವತ್ತು ಹೋಗಬೇಡಿ ಅಂತ ಈಗ ಬಂತು ಮಗ. ಯಾರಿಗೆ ಹೇಳುವುದು?"

ಜೋಕಿಮ್ ಬಾಗಿಲಲ್ಲಿ ನಿಂತಿದ್ದರು. "ತಾನಾಗಿ ಏಳ್ತದೆ ಅಂದಿದ್ದಿ. ಇವಳು ಎಂತ ಮಾಡಿದಳು?"

ಸೋಮವ್ವನ ಕೈಯ ಒದ್ದೆ ಬಟ್ಟೆಯಿಂದ ನೀರು ತೊಟ್ಟಿಕ್ಕುತ್ತಿತ್ತು. ಪ್ರಖ್ಯಾತನ ನಾಲಿಗೆಯ ತುದಿಗೆ ಹತ್ತು ಸುಳ್ಳು ಒಟ್ಟಿಗೇ ಬಂದವು, ಒಂದಕ್ಕಿಂತ ಒಂದು ಚೆಂದ.

"ಅವಳದ್ದು ಏನಿಲ್ಲ ಸರ್. ಅದು ಏಳುವುದಿಲ್ಲ. ನಾನೇ ಎಬ್ಬಿಸಬೇಕು. ಏಳು ಸಲ ಅಲ್ಲ, ಒಂದು ಸಲವೂ ನಾನು ಕೊಂದು ನೋಡಿಲ್ಲ. ಹೆದರಿಕೆಯಾಗಿತ್ತು."

ಫೋನಿನಲ್ಲಿ ಮಾಮಿ ಎಲ್ಲವನ್ನೂ ಕೇಳಿಸಿಕೊಂಡಿದ್ದಳು.

"ಅವರು ಬರಲಿ," ಎಂದಳು ಮಾಮಿ. "ಇದನ್ನು ಅವರ ಹತ್ತಿರವೇ ಹೇಳು."

ಫೋನನ್ನು ಯಾರೂ ಇಡಲಿಲ್ಲ. ಸೋಮವ್ವ ಗೋಡೆಯ ಬುಡದಲ್ಲಿ ಕುಕ್ಕರಗಾಲಲ್ಲಿ ಕೂತು, ಸೆರಗಿಗೆ ಕೈ ಒರೆಸಿಕೊಂಡು, ಪ್ಲಗ್ಗು ಸಡಿಲವಾಗದಂತೆ ಅಂಗೈಯಿಂದ ಒತ್ತಿ ಹಿಡಿದಳು.