ಉಪ್ಪಿನ ಲೆಕ್ಕದ ತಪ್ಪೊಪ್ಪೋಲೆ

ಚಾಮರಾಜಪೇಟೆಯಲ್ಲಿ, ಶಕುಂತಲಮ್ಮನವರ ಔಟ್‌ಹೌಸಿನಲ್ಲಿ ಚೈತನ್ಯಾಳ ಕಂಪನಿ ಇತ್ತು. ಜನ ಮೂರು, ಕುರ್ಚಿ ಎರಡು. ಅವರು ಮಾಡಿದ್ದು ಒಂದೇ ಆ್ಯಪ್: ಊಟಕ್ಕೆ ಎಷ್ಟು ಜನ ಎಂದು ಹೇಳಿದರೆ ಸಾಮಾನಿನ ಪಟ್ಟಿ ಕೊಡುತ್ತದೆ. ಜನ ಹತ್ತು ಪಟ್ಟಾದರೆ ಅಕ್ಕಿ ಹತ್ತು ಪಟ್ಟು. ಉಪ್ಪು ಮಾತ್ರ ಅದಕ್ಕಿಂತ ಕಡಿಮೆ. ಗಿರಾಕಿಗಳು ಹೆಚ್ಚಾಗಿ ಅಮೆರಿಕದ ದೇವಸ್ಥಾನಗಳ ಪಾಕಶಾಲೆಗಳು.

ಅಡುಗೆಭಟ್ಟರಿಗೆಲ್ಲ ಗೊತ್ತಿದ್ದ ಈ ಸಂಗತಿಯನ್ನು ಅಲ್ಲಿನ ಕಂಪನಿಯೊಂದು 2009ರಲ್ಲಿ ಸಾಫ್ಟ್‌ವೇರ್ ವಿಧಾನವೆಂದು ಪೇಟೆಂಟ್ ಮಾಡಿಸಿಕೊಂಡಿತ್ತು. ಆ್ಯಪ್ ನಿಲ್ಲಿಸಿ ಎಂದು ಈಗ ಅದರ ನೋಟಿಸು ಬಂತು. ಆ್ಯಪ್ ನಿಂತರೆ ಕಂಪನಿಯೂ ನಿಂತಂತೆ.

"ಕೋರ್ಟಲ್ಲಿ ಗೆಲ್ಲಬಹುದು. ಆದ್ರೆ ಗೆಲ್ಲೋ ಹೊತ್ತಿಗೆ ನಿನ್ನ ಕಂಪನಿ ಇರಲ್ಲ," ಎಂದ ವಕೀಲ ವಾದಿರಾಜ, ಚೈತನ್ಯಾಳ ಕಾಲೇಜು ಗೆಳೆಯ. "2009ಕ್ಕಿಂತ ಮುಂಚೆ ಎಲ್ಲಾದ್ರೂ ಅಚ್ಚಾಗಿದ್ಯಾ ಹುಡುಕು. ಅಚ್ಚಾಗಿದ್ರೆ ಅವ್ರ ಪೇಟೆಂಟೇ ನಿಲ್ಲಲ್ಲ. ಭಟ್ರ ತಲೇಲಿರೋದು ನಡೆಯಲ್ಲ."

ಕೋಸಂಬರಿ ತಂದಿದ್ದ ಶಕುಂತಲಮ್ಮ, ನಿವೃತ್ತ ಗಣಿತದ ಮೇಡಂ, ಬಾಗಿಲಲ್ಲೇ ನಿಂತರು. "ನಾನೇ ಬರ್ದಿದೀನಲ್ಲಮ್ಮಾ! ತೊಂಬತ್ತೊಂದರಲ್ಲಿ, ನಮ್ಮ ಮಹಿಳಾ ಸಮಾಜದ ಸ್ಮರಣ ಸಂಚಿಕೇಲಿ. ಕಂಪ್ಯೂಟರ್ ಪ್ರೋಗ್ರಾಮ್ ಸಮೇತ."

ಸ್ಮರಣ ಸಂಚಿಕೆಯೆಂದರೆ ಬಿಡುಗಡೆಯ ಮರುದಿನದಿಂದ ಯಾರೂ ಸ್ಮರಿಸದ ಪುಸ್ತಕ. ಶಕುಂತಲಮ್ಮನವರದು ಉಪ್ಪಿನಕಾಯಿ ಭರಣಿಯ ಕೆಳಗಿತ್ತು. ಹನ್ನೆರಡು ಶುಭಸಂದೇಶ, ಐವತ್ತು ಪುಟ ಸೀರೆ ಅಂಗಡಿಯ ಜಾಹೀರಾತು ದಾಟಿದ ಮೇಲೆ ಲೇಖನ ಸಿಕ್ಕಿತು. ವಾದಿರಾಜ ಓದುತ್ತ ಓದುತ್ತ ಮಂಕಾದ.

"ಮೇಡಂ, ಜನ ಹತ್ತು ಪಟ್ಟಾದ್ರೆ ಉಪ್ಪು ಎಪ್ಪತ್ತೈದು ಪಟ್ಟು ಅಂತಿದೆ. ಸಾರು ಮಾಡಿದ್ರಾ, ಸಮುದ್ರಾನಾ?"

"ಅದು ಪ್ರೆಸ್ಸಿನವ್ರ ಕೆಲ್ಸ ಕಣಪ್ಪ! ಅದು ಏಳೂವರೆ. ಚುಕ್ಕಿ ನುಂಗಿಬಿಟ್ರು. ನಾನು ಬಿಡ್ತೀನಾ? ಕೊನೇ ಪುಟ ತೆಗಿ."

ಅಲ್ಲಿ ಅಂಗೈಯಗಲದ ಚೀಟಿ ಅಂಟಿಸಿತ್ತು. 'ತಪ್ಪೊಪ್ಪೋಲೆ. ಪುಟ 63ರಲ್ಲಿ 75 ಎಂಬುದನ್ನು 7.5 ಎಂದು ಓದಿಕೊಳ್ಳಬೇಕು.' ಕೆಳಗೆ ಮುದ್ರಣಾಲಯದ ಹೆಸರು, ತಾರೀಖು.

"ಐನೂರು ಪ್ರತಿಗೂ ನಾನೇ ಕೂತು ಗೋಂದು ಹಚ್ಚಿದೆ. ಯಾರೂ ಓದಲ್ಲ ಬಿಡ್ರೀ, ಅಂದ್ರು ಅಧ್ಯಕ್ಷರು."

"ಇವತ್ತಿನವರೆಗೂ ಅವ್ರ ಮಾತು ಸರಿಯಾಗೇ ಇತ್ತು ಮೇಡಂ," ಎಂದ ವಾದಿರಾಜ.

ಗ್ರಂಥಾಲಯದಲ್ಲೂ ಚೀಟಿ ಸಮೇತ ಒಂದು ಪ್ರತಿ, ಅದೇ ವರ್ಷದ ಮೊಹರಿನೊಂದಿಗೆ ಸಿಕ್ಕಿತು. ಲೇಖನ, ಚೀಟಿ ಎರಡೂ ಇಂಗ್ಲಿಷಾಗಿ ಅಮೆರಿಕಕ್ಕೆ ಹೋದವು. ಹನ್ನೊಂದನೆಯ ದಿನ ಉತ್ತರ ಬಂತು: ಈ ವಿಷಯವನ್ನು ನಾವು ಮುಂದುವರಿಸುವುದಿಲ್ಲ. ಕ್ಷಮೆ ಗಿಮೆ ಇರಲಿಲ್ಲ. ಚೈತನ್ಯಾ ಮೂರು ಸಲ ಓದಿ, ಕುರ್ಚಿ ಖಾಲಿಯಿಲ್ಲದೆ ನೆಲದ ಮೇಲೇ ಕೂತುಬಿಟ್ಟಳು.

"ಬಿಟ್ಬಿಟ್ರಂತೆ ಆಂಟೀ!"

"ಬಿಡ್ದೆ ಏನ್ಮಾಡ್ತಾರೆ," ಎಂದರು ಶಕುಂತಲಮ್ಮ. ಆಮೇಲೆ ತುಸು ಅನುಮಾನದಿಂದ ಕೇಳಿದರು, "ಇಂಗ್ಲಿಷ್ ಮಾಡೋವಾಗ ಚುಕ್ಕಿ ಹಾಕಿದ್ರಿ ತಾನೆ?"